ಹೊಸ ಗೇಮ್ ಬಂತು, ಕೊಳ್ಳಲಾ ಬೇಡವಾ?

2025ರಲ್ಲಿ ಬಂದ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಮೆಷಿನ್) ಗೇಮ್‌ಗಳ ಬಗ್ಗೆ ಏನಾದರೂ ಕೇಳೋದಿದ್ದರೆ ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳನ್ನು ಎರಡು ಭಾನುವಾರ ಕೂತು ಓದಿದೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಇಲ್ಲಿ ಹೇಳುವ ಬಹುತೇಕ ಗೇಮ್‌ಗಳನ್ನು ಬಸವನಗುಡಿಯ ನಮ್ಮ ಮನೆಯ ಹಾಲ್‌ನಲ್ಲೇ ಆಡಿದ್ದೇನೆ. ಮನೆಯಲ್ಲಿ ಇರೋದು ಒಂದೇ ಟಿವಿ. ರಾತ್ರಿ ಊಟ ಆದ ಮೇಲೆ ಸಿಗುವುದು ಒಂದು, ಒಂದೂವರೆ ಗಂಟೆ. ನಿಮ್ಮಲ್ಲೂ ತುಂಬ ಜನರದ್ದು ಇದೇ ಕಥೆ ಅಂತ ಪತ್ರಗಳಿಂದ ಗೊತ್ತಾಯಿತು. ಉತ್ತರಗಳನ್ನೂ ಅದನ್ನೇ ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ.

ಪ್ರಶ್ನೆ: ಒಂದು ಗೇಮ್‌ಗೆ ಹೆಚ್ಚುಕಡಿಮೆ ಐದು ಸಾವಿರ. ವರ್ಷಕ್ಕೆ ಎರಡು ಕೊಂಡರೆ ಅದೇ ನನಗೆ ದೊಡ್ಡದು. ವಿಮರ್ಶೆ ನೋಡಿದರೆ ಎಲ್ಲದಕ್ಕೂ ಹತ್ತಕ್ಕೆ ಎಂಟು, ಒಂಬತ್ತು. ಯಾವುದನ್ನು ನಂಬಲಿ?
– ಬಿ.ಕಾಂ. ವಿದ್ಯಾರ್ಥಿ, ರಾಜಾಜಿನಗರ

ಉತ್ತರ: ಅಂಕವನ್ನು ಪಕ್ಕಕ್ಕಿಡಿ. ಮಸಾಲೆ ದೋಸೆಗೆ ಒಂಬತ್ತು, ಕಾಫಿಗೂ ಒಂಬತ್ತು ಅಂದರೆ ಹಸಿದು ಬಂದವರಿಗೆ ಏನು ಗೊತ್ತಾಗುತ್ತದೆ? ಗೇಮ್‌ಗಳೂ ಹಾಗೇ. ಒಂದೊಂದು ಜಾತಿಯ ಗೇಮನ್ನು ಒಂದೊಂದು ರೀತಿ ಅಳೆಯಬೇಕು.

ಜಿಗಿಯುವ ಗೇಮ್, ಅಂದರೆ ಪ್ಲಾಟ್‌ಫಾರ್ಮರ್ ಆದರೆ ನಾನು ಮೊದಲು ನೋಡುವುದು ಜಿಗಿತವನ್ನೇ. ಬಟನ್ ಒತ್ತಿದ ಕೂಡಲೇ ಕಾಲು ನೆಲ ಬಿಡಬೇಕು. ಬಿದ್ದರೆ 'ಇದು ನನ್ನ ತಪ್ಪು' ಅಂತ ಬೆರಳಿಗೇ ಗೊತ್ತಾಗಬೇಕು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಆಸ್ಟ್ರೋ ಬಾಟ್ ಈ ಲೆಕ್ಕದಲ್ಲಿ ನನಗೆ ಇವತ್ತಿಗೂ ಮೊದಲನೆಯದು. ಆ ಪುಟ್ಟ ರೋಬೋ ಮರಳಿನ ಮೇಲೆ ಓಡಿದರೆ ಕೈಯಲ್ಲಿ ಹಿಡಿದ ಕಂಟ್ರೋಲರ್ ಸರಸರ ಅನ್ನುತ್ತದೆ. ಗಟ್ಟಿ ನೆಲಕ್ಕೆ ಬಂದರೆ ಟಿಕ್ ಟಿಕ್ ಅಂತ ಸಣ್ಣ ಹೆಜ್ಜೆಗಳು ಎಡ ಅಂಗೈಗೊಂದು, ಬಲ ಅಂಗೈಗೊಂದು ಬರುತ್ತವೆ. ಒಂದು ದಿನ ಅಮ್ಮನ ಕೈಗೆ ಕಂಟ್ರೋಲರ್ ಕೊಟ್ಟು ಕಣ್ಣು ಮುಚ್ಚಿಕೋ ಅಂದೆ. ಸ್ಟಿಕ್ ನಾನೇ ತಿರುಗಿಸಿದೆ. ನೆಲ ಬದಲಾದಾಗಲೆಲ್ಲ ಅವರಿಗೆ ಗೊತ್ತಾಯಿತು.

ದೊಡ್ಡ ಓಪನ್ ವರ್ಲ್ಡ್, ಅಂದರೆ ಬೇಕಾದ ಕಡೆ ಸುತ್ತಾಡುವ ಗೇಮ್ ಆದರೆ ನಾನು ನೋಡುವುದು ಬೇರೆ. ಹದಿನೈದು ಗಂಟೆ ಆಡಿದ ಮೇಲೂ ಕಣ್ಣು ಬೆಟ್ಟದ ಮೇಲಿದೆಯಾ, ಇಲ್ಲ ಬರೀ ಮ್ಯಾಪ್ ಮೇಲಿದೆಯಾ? 2025ರ ಅಕ್ಟೋಬರ್ 2ಕ್ಕೆ ಬಂದ ಘೋಸ್ಟ್ ಆಫ್ ಯೋತೇ 1603ರ ಜಪಾನಿನಲ್ಲಿ, ಇವತ್ತು ಹೊಕ್ಕೈಡೋ ಅನ್ನುವ ಉತ್ತರದ ದ್ವೀಪದಲ್ಲಿ ನಡೆಯುತ್ತದೆ. ದಾರಿ ತೋರಿಸೋಕೆ ಮೂಲೆಯಲ್ಲಿ ಬಾಣದ ಗುರುತು ಇಲ್ಲ, ಗಾಳಿ ಬೀಸುತ್ತದೆ. ಹುಲ್ಲು ಬಾಗಿದ ಕಡೆ ಕುದುರೆ ತಿರುಗಿಸಬೇಕು. ಇದೊಂದರಿಂದಲೇ ಆ ಊರನ್ನು ನಾನು ನೋಡುತ್ತಾ ಹೋದೆ. ಸೇಡಿನ ಕಥೆ ಮಾತ್ರ ಎಲ್ಲಿಗೆ ಹೋಗುತ್ತದೆ ಅಂತ ಬೇಗ ಗೊತ್ತಾಗಿಬಿಡುತ್ತದೆ.

ಇನ್ನೊಂದು ಮುಖ್ಯವಾದ ಮಾತು. ವಿಮರ್ಶೆ ಬರೆದವರು ಯಾವ ಮೆಷಿನ್‌ನಲ್ಲಿ ಆಡಿದರು ಅಂತ ನೋಡಿ. ಸೈಬರ್‌ಪಂಕ್ 2077 ನೆನಪಿದೆಯಾ? 2020ರ ಡಿಸೆಂಬರ್ 10ಕ್ಕೆ ಬಿಡುಗಡೆ. ಮೊದಲೇ ಆಡೋಕೆ ವಿಮರ್ಶಕರಿಗೆ ಕೊಟ್ಟಿದ್ದು ಪಿಸಿ ಆವೃತ್ತಿ. ಅಂಕ ಚೆನ್ನಾಗಿ ಬಂತು. ಸೋನಿಯ ಹಳೆಯ ಕನ್ಸೋಲ್ ಪಿಎಸ್4 (ಪ್ಲೇಸ್ಟೇಷನ್ 4)ಗೆ ಅಂತ ಕೊಂಡವರ ಮನೆಯಲ್ಲಿ ಗೇಮ್ ನಿಂತು ನಿಂತು ಓಡಿತು, ಮತ್ತೆ ಮತ್ತೆ ಆಫ್ ಆಯಿತು. ಸುಮಾರು ಒಂದು ವಾರಕ್ಕೆ ಸೋನಿ ಅದನ್ನು ತನ್ನ ಸ್ಟೋರ್‌ನಿಂದಲೇ ತೆಗೆದು ದುಡ್ಡು ವಾಪಸ್ ಕೊಡಬೇಕಾಯಿತು. ಮತ್ತೆ ಅಲ್ಲಿಗೆ ಬಂದಿದ್ದು 2021ರ ಜೂನ್‌ನಲ್ಲಿ. ಈಗ ಅದು ಒಳ್ಳೆ ಗೇಮ್, ನಾನೇ ಧೈರ್ಯವಾಗಿ ಕೊಳ್ಳಿ ಅಂತೀನಿ. ಆದರೆ ಮೊದಲ ದಿನ ಕೊಂಡವರಿಗೆ ಆ ಡಿಸೆಂಬರ್ ವಾಪಸ್ ಬರಲಿಲ್ಲ ಅಲ್ವಾ.

ಹಾಗಾಗಿ ವರ್ಷಕ್ಕೆ ಎರಡೇ ಕೊಳ್ಳುವವರು ಪ್ರೀ-ಆರ್ಡರ್ ಮಾಡಬೇಡಿ. ಹತ್ತು ದಿನ ಬಿಡಿ. ನಿಮ್ಮ ಹತ್ತಿರ ಇರುವ ಮೆಷಿನ್‌ನಲ್ಲೇ ಆಡಿದವರ ಒಂದು ವಿಡಿಯೋ ನೋಡಿ, ಮಾತಿಲ್ಲದ್ದು ಸಿಕ್ಕರೆ ಇನ್ನೂ ಒಳ್ಳೇದು. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಡೌನ್‌ಲೋಡ್ ಶುರು ಮಾಡಿದರೆ ಸಾಮಾನ್ಯವಾಗಿ ರಿಫಂಡ್ ಇಲ್ಲ. ಶುರು ಮಾಡದಿದ್ದರೆ 14 ದಿನ ಅವಕಾಶ ಇದೆ. ಕೊಂಡ ತಕ್ಷಣ ತಾನಾಗೇ ಡೌನ್‌ಲೋಡ್ ಆಗುವ ಸೆಟ್ಟಿಂಗ್ ಆನ್ ಇದ್ದರೆ ಇವತ್ತೇ ಆಫ್ ಮಾಡಿ.

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. ಇವರು ಪಿಎಸ್5 ಮುಂದೆ ಕೂತರೆ ನಾನು ಫೋನ್ ನೋಡ್ತಾ ಕೂರ್ತೀನಿ. ನನಗೂ ಜೊತೆಗೆ ಆಡಬೇಕು ಅಂತ ಆಸೆ, ಆದರೆ ಕಂಟ್ರೋಲರ್ ಹಿಡಿದೇ ಗೊತ್ತಿಲ್ಲ. ಸ್ಪ್ಲಿಟ್ ಫಿಕ್ಷನ್ ಚೆನ್ನಾಗಿದೆ ಅಂತಾರೆ. ನನಗೆ ಆಗುತ್ತಾ?
– ಓದುಗರು, ಜಯನಗರ

ಉತ್ತರ: ಈ ಪತ್ರ ಓದಿ ತುಂಬ ಖುಷಿಯಾಯಿತು. ಆಗುತ್ತದೆ. ಆದರೆ ಮೊದಲನೇ ದಿನವೇ ಅಲ್ಲ.

ಸ್ಪ್ಲಿಟ್ ಫಿಕ್ಷನ್ 2025ರ ಮಾರ್ಚ್‌ನಲ್ಲಿ ಬಂತು. ಸ್ವೀಡನ್‌ನ ಹೇಝ್‌ಲೈಟ್ ಸ್ಟುಡಿಯೋದ್ದು. ಇಬ್ಬರು ಇಲ್ಲದೆ ಆಡೋಕೇ ಬರಲ್ಲ. ಮೀಯೋ ಅನ್ನುವ ಹುಡುಗಿ ಸೈನ್ಸ್ ಫಿಕ್ಷನ್ ಬರೆಯುತ್ತಾಳೆ, ಜೋಯಿ ಅನ್ನುವವಳು ಮಂತ್ರ ಮಾಯದ ಕಥೆ. ಇಬ್ಬರೂ ತಮ್ಮ ತಮ್ಮ ಕಥೆಗಳ ಒಳಗೇ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು ಗಂಟೆ ನಿಯಾನ್ ದೀಪದ ಊರಲ್ಲಿ ಬೈಕ್, ಮುಂದಿನ ಗಂಟೆ ಡ್ರ್ಯಾಗನ್ ಸಾಕುವುದು. ಒಬ್ಬರ ಕೈಯಲ್ಲಿ ಒಂದು ಶಕ್ತಿ, ಇನ್ನೊಬ್ಬರ ಕೈಯಲ್ಲಿ ಇನ್ನೊಂದು. ಮಾತಾಡದೆ ಒಂದು ಬಾಗಿಲೂ ತೆರೆಯಲ್ಲ. ಜೊತೆಯಲ್ಲಿ ಆಡುವುದಕ್ಕೆ ಇದಕ್ಕಿಂತ ಒಳ್ಳೇದು 2025ರಲ್ಲಿ ನಾನು ನೋಡಲಿಲ್ಲ.

ಕಷ್ಟ ಇರೋದು ಬಲಗೈ ಹೆಬ್ಬೆರಳಿನಲ್ಲಿ. ದೀಪಾವಳಿಗೆ ಶಿವಮೊಗ್ಗದಿಂದ ಅಕ್ಕ ಬಂದಿದ್ದಾಗ ಅವಳ ಜೊತೆ ಆಡೋಕೆ ಕೂತೆ. ಐದು ನಿಮಿಷಕ್ಕೆ ಗೇಮ್‌ನಲ್ಲಿ ಅವಳ ಪಾತ್ರದ ಹುಡುಗಿ ಗೋಡೆಗೆ ಮುಖ ಕೊಟ್ಟು ಓಡುತ್ತಿದ್ದಳು, ಕ್ಯಾಮೆರಾ ಮೇಲೆ ಎದ್ದು ನಿಂತಿತ್ತು. "ನನಗೆ ಬರೀ ಆಕಾಶ ಕಾಣ್ತಿದೆ ಕಣೋ" ಅಂದಳು. ಎಡ ಹೆಬ್ಬೆರಳಲ್ಲಿ ನಡೆಯಬೇಕು, ಅದೇ ಹೊತ್ತಿಗೆ ಬಲ ಹೆಬ್ಬೆರಳಲ್ಲಿ ತಲೆ ತಿರುಗಿಸಬೇಕು. ಇದು ಒಂದು ವಿದ್ಯೆ. ಹತ್ತು ವರ್ಷದಿಂದ ಆಡುವವರಿಗೆ ತಾವು ಇದನ್ನು ಕಲಿತದ್ದೇ ಮರೆತು ಹೋಗಿರುತ್ತದೆ. ಸೈಕಲ್ ಕಲಿತ ಹಾಗೆ, ಬರುವವರೆಗೆ ಬರಲ್ಲ, ಆಮೇಲೆ ಬಿಡಲ್ಲ.

ಅದಕ್ಕೇ ಹೀಗೆ ಮಾಡಿ. ಮೊದಲ ಒಂದು ವಾರ ಆಸ್ಟ್ರೋ ಬಾಟ್ ನೀವೇ ಆಡಿ, ಯಜಮಾನರು ಪಕ್ಕದಲ್ಲಿ ಕೂರಲಿ. ಅದರಲ್ಲಿ ಕ್ಯಾಮೆರಾ ಹೆಚ್ಚಾಗಿ ತಾನೇ ನೋಡಿಕೊಳ್ಳುತ್ತದೆ. ಆಮೇಲೆ ಇದೇ ಸ್ಟುಡಿಯೋದವರ 2021ರ ಇಟ್ ಟೇಕ್ಸ್ ಟೂ. ಅದು ಸ್ವಲ್ಪ ನಿಧಾನ, ಹಳೆಯದಾದ್ದರಿಂದ ಕಡಿಮೆ ಬೆಲೆಗೂ ಸಿಗುತ್ತದೆ. ಅದು ಮುಗಿಯುವಷ್ಟರಲ್ಲಿ ನಿಮ್ಮ ಬಲ ಹೆಬ್ಬೆರಳು ತಯಾರಾಗಿರುತ್ತದೆ. ಒಬ್ಬರು ಸತ್ತರೂ ಇನ್ನೊಬ್ಬರು ಬದುಕಿದ್ದರೆ ಸಾಕು, ಗೇಮ್ ಮುಂದೆ ಹೋಗುತ್ತದೆ. ಭಯ ಬೇಡ.

ಯಜಮಾನರಿಗೆ ಒಂದು ಮಾತು. ಅವರು ಹತ್ತು ಸಲ ಬಿದ್ದರೂ "ಕೊಡು ನಾನು ಮಾಡ್ತೀನಿ" ಅನ್ನಬೇಡಿ. ಹಾಗೆ ಕಿತ್ತುಕೊಂಡ ಕಂಟ್ರೋಲರ್ ಅವರ ಕೈಗೆ ಮತ್ತೆ ಹೋಗುವುದು ಕಷ್ಟ.

ಎರಡು ಸಣ್ಣ ವಿಷಯ. ಪರದೆ ಅರ್ಧ ಅರ್ಧ ಆಗುತ್ತದೆ, 32 ಇಂಚಿನ ಟಿವಿ ಆದರೆ ಸೋಫಾ ಮುಂದಕ್ಕೆ ಎಳೆದುಕೊಳ್ಳಿ. ಇನ್ನು, ಒಂದೇ ಪ್ರತಿ ಕೊಂಡರೆ ಸಾಕು. ಬೇರೆ ಊರಲ್ಲಿರುವ ತಂಗಿಯ ಜೊತೆ ಆಡಬೇಕು ಅಂದರೆ ಫ್ರೆಂಡ್ಸ್ ಪಾಸ್ ಇದೆ, ಅವರು ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ಎಕ್ಸ್‌ಪೆಡಿಷನ್ 33ಕ್ಕೆ ವರ್ಷದ ಗೇಮ್ ಪ್ರಶಸ್ತಿ ಬಂತು. ಕೊಂಡೆ. ಕಥೆ ಅದ್ಭುತ, ಆದರೆ ಪ್ಯಾರಿ (ಶತ್ರುವಿನ ಹೊಡೆತವನ್ನು ಸರಿಯಾದ ಕ್ಷಣಕ್ಕೆ ತಡೆಯುವುದು) ಎಷ್ಟು ಮಾಡಿದರೂ ಆಗ್ತಿಲ್ಲ. ವಯಸ್ಸು 41. ನನ್ನ ಕೈ ನಿಧಾನ ಆಗಿದೆಯಾ?
– ಬ್ಯಾಂಕ್ ಉದ್ಯೋಗಿ, ವಿಜಯನಗರ

ಉತ್ತರ: ಕೈ ಬಿಡಿ, ಮೊದಲು ಟಿವಿ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಆನ್ ಇದೆಯಾ? ಚಿತ್ರ ಚೆಂದ ಮಾಡೋಕೆ ಟಿವಿ ಒಳಗೆ ಏನೇನೋ ಕೆಲಸ ನಡೆಯುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಗೇಮ್ ಮೋಡ್ ಇಲ್ಲದೆ ಕೆಲವು ಟಿವಿಗಳಲ್ಲಿ ಈ ತಡ ನೂರು ಮಿಲಿಸೆಕೆಂಡ್ ದಾಟುವುದೂ ಉಂಟು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ ಓಡುವ ಗೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್. ಲೆಕ್ಕ ಹಾಕಿ, ಶತ್ರುವಿನ ಕತ್ತಿ ನಿಮಗೆ ಕಾಣುವಷ್ಟರಲ್ಲಿ ಆರು ಫ್ರೇಮ್ ಹಿಂದೆಯೇ ಅದು ಬಿದ್ದಾಗಿದೆ. ಗೇಮ್‌ನ ಒಳಗೆ ಚಿತ್ರದ ಅಂದಕ್ಕಿಂತ ವೇಗ ಮುಖ್ಯ ಅನ್ನುವ ಪರ್ಫಾರ್ಮೆನ್ಸ್ ಮೋಡ್ ಕೂಡ ಹಾಕಿಕೊಳ್ಳಿ.

ಅದಾದ ಮೇಲೂ ಆಗದಿದ್ದರೆ ಪ್ಯಾರಿ ಬಿಟ್ಟು ಡಾಡ್ಜ್ ಮಾಡಿ, ಅಂದರೆ ಹೊಡೆತದಿಂದ ತಪ್ಪಿಸಿಕೊಳ್ಳಿ. ಅದಕ್ಕೆ ಸಮಯ ಸ್ವಲ್ಪ ಜಾಸ್ತಿ ಕೊಟ್ಟಿದ್ದಾರೆ. ಕತ್ತಿ ನೋಡಬೇಡಿ, ಸದ್ದು ಕೇಳಿ. ಸ್ಟೋರಿ ಅನ್ನುವ ಸುಲಭದ ಮಟ್ಟವೂ ಇದೆ, ಅದನ್ನು ಹಾಕಿಕೊಂಡರೆ ಮರ್ಯಾದೆ ಏನೂ ಹೋಗಲ್ಲ.

ಪತ್ರದಲ್ಲಿ ಕಥೆ ಅದ್ಭುತ ಅಂದಿದ್ದೀರಿ, ಆಡದವರಿಗೆ ಎರಡು ಸಾಲು ಹೇಳುತ್ತೇನೆ. ದೂರದ ಕಲ್ಲುಕಂಬದ ಮೇಲೆ ಒಬ್ಬ ಚಿತ್ರಗಾರ್ತಿ ವರ್ಷಕ್ಕೊಂದು ಸಂಖ್ಯೆ ಬರೆಯುತ್ತಾಳೆ. ಆ ವಯಸ್ಸಿನವರೆಲ್ಲ ಬೂದಿ ಹೂವಾಗಿ ಗಾಳಿಯಲ್ಲಿ ಹೋಗಿಬಿಡುತ್ತಾರೆ. ಈ ವರ್ಷದ ಸಂಖ್ಯೆ 33. ಮೊದಲ ಅರ್ಧ ಗಂಟೆಯಲ್ಲಿ ಒಂದು ಊರಿಗೆ ಊರೇ ಬಂದರಿನಲ್ಲಿ ನಿಂತು ಬೀಳ್ಕೊಡುತ್ತದೆ. ಆ ದೃಶ್ಯ ಆದ ಮೇಲೆ ನಾನು ಕಂಟ್ರೋಲರ್ ಕೆಳಗಿಟ್ಟು ಸುಮ್ನೆ ಕೂತಿದ್ದೆ. ಫ್ರಾನ್ಸ್‌ನ ಮೋಂಪೆಲಿಯೇ ಊರಿನ ಸ್ಯಾಂಡ್‌ಫಾಲ್ ಅನ್ನುವ ಸುಮಾರು ಮೂವತ್ತು ಜನರ ತಂಡ ಇದನ್ನು ಮಾಡಿದ್ದು, ಹೊರಗಿನವರ ನೆರವೂ ಇತ್ತು. ಸರದಿ ಪ್ರಕಾರ ಹೊಡೆದಾಡುವ ಗೇಮ್ ಅಂದರೆ ನಿದ್ದೆ ಬರುತ್ತದೆ ಅನ್ನುವವರು ಇದನ್ನೊಮ್ಮೆ ನೋಡಲೇಬೇಕು.

ಪ್ರಶ್ನೆ: ಸಿಲ್ಕ್‌ಸಾಂಗ್ ನಲವತ್ತು ಸಲ ಸತ್ತೆ. ಬಿಟ್ಟುಬಿಡಲಾ?
– ಯಲಹಂಕ

ಉತ್ತರ: ನಾಲ್ಕು ದಿನ ಬಿಡಿ, ಆಮೇಲೆ ವಾಪಸ್ ಬನ್ನಿ. ಹಾಲೋ ನೈಟ್: ಸಿಲ್ಕ್‌ಸಾಂಗ್ ನಿಜಕ್ಕೂ ಕಷ್ಟ. 2019ರಲ್ಲಿ ಘೋಷಣೆಯಾಗಿ 2025ರ ಸೆಪ್ಟೆಂಬರ್ 4ಕ್ಕೆ ಬಂತು. ಆಸ್ಟ್ರೇಲಿಯಾದ ಟೀಮ್ ಚೆರ್ರಿ ವಿಮರ್ಶಕರಿಗೂ ಮೊದಲೇ ಕೊಡಲಿಲ್ಲ, ಎಲ್ಲರೂ ಒಂದೇ ದಿನ ಶುರು ಮಾಡಿದೆವು. ಅದು ನನಗೆ ತುಂಬ ಹಿಡಿಸಿತು. ಬಿಡುಗಡೆಯಾದ ಕೆಲವೇ ದಿನಕ್ಕೆ ಶುರುವಿನ ಇಬ್ಬರು ಬಾಸ್‌ಗಳನ್ನು (ದೊಡ್ಡ ಶತ್ರುಗಳನ್ನು) ಅವರೇ ಸ್ವಲ್ಪ ಸುಲಭ ಮಾಡಿದರು, ಅಪ್‌ಡೇಟ್ ಹಾಕಿಕೊಂಡಿದ್ದೀರಾ ನೋಡಿ.

ಹೆಚ್ಚಿನವರು ಸಾಯುವುದು ಎರಡು ಕಡೆ. ಒಂದು, ಗಾಯ ವಾಸಿ ಮಾಡಿಕೊಳ್ಳೋಕೆ ಒಂಬತ್ತು ಎಳೆ ರೇಷ್ಮೆ ಬೇಕು, ಅದನ್ನು ಹೊಡೆತಕ್ಕೇ ಖರ್ಚು ಮಾಡಿಬಿಡುತ್ತಾರೆ. ರೇಷ್ಮೆ ಉಳಿಸಿ. ಎರಡು, ನಾವು ಆಡಿಸುವ ಹಾರ್ನೆಟ್ ಮೇಲಿಂದ ಹೊಡೆಯುವುದು ಓರೆಯಾಗಿ, ನೇರ ಕೆಳಗೆ ಅಲ್ಲ. ಮೊದಲ ಗೇಮ್ ಹಾಲೋ ನೈಟ್ ಆಡಿದವರ ಕೈಗೆ ಇದು ಒಗ್ಗುವುದೇ ಇಲ್ಲ. ಮುಂದೆ ಬೇರೆ ಕ್ರೆಸ್ಟ್ (ಹೊಡೆಯುವ ರೀತಿ ಬದಲಿಸುವ ಲಾಂಛನ) ಸಿಗುತ್ತದೆ, ಅದರಲ್ಲಿ ನೇರವಾಗಿ ಹೊಡೆಯಬಹುದು. ಬಾಸ್ ಒಂದು ಕಡೆ ಬಿಟ್ಟು ಬೇರೆ ದಾರಿ ಹಿಡಿದು ಊರು ಸುತ್ತಿ. ಸುತ್ತೋದೇ ಈ ಗೇಮ್‌ನ ಅರ್ಧ ಸುಖ. ಇಷ್ಟೆಲ್ಲ ಮಾಡಿದ ಮೇಲೂ ಬೇಸರವೇ ಆಗುತ್ತಿದ್ದರೆ ಬಿಡಿ. ಬೇಸರ ಬೇರೆ, ಕಷ್ಟ ಬೇರೆ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಫುಟ್‌ಬಾಲ್ ಗೇಮ್ ಕೊಡಿಸಿದೆವು. ಈಗ 'ಪ್ಯಾಕ್' ಕೊಡಿಸಿ ಅಂತ ದಿನಾ ಹಟ. ಸರ್ಕಾರ ಇಂಥದ್ದನ್ನೆಲ್ಲ ನಿಲ್ಲಿಸಿದೆ ಅಂದಿದ್ದರು ಅಲ್ವಾ?
– ತಾಯಿ, ಕೆಂಗೇರಿ

ಉತ್ತರ: ನೀವು ಹೇಳುತ್ತಿರುವುದು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ. ಅದು ನಿಷೇಧಿಸಿರುವುದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು. ಮನೆಯ ಸಾಮಾನ್ಯ ಕನ್ಸೋಲ್ ಗೇಮ್‌ಗಳು ಆ ನಿಷೇಧದಲ್ಲಿ ಬರಲ್ಲ.

ಪ್ಯಾಕ್ ಅಂದರೆ ಮುಚ್ಚಿದ ಪೊಟ್ಟಣ. ಒಳಗೆ ಯಾವ ಆಟಗಾರ ಇದ್ದಾನೆ ಅಂತ ದುಡ್ಡು ಕೊಟ್ಟು ತೆರೆದ ಮೇಲೇ ಗೊತ್ತಾಗುವುದು. ಬೆಲ್ಜಿಯಂ 2018ರಲ್ಲಿ ಇದು ಜೂಜು ಅಂದಿತು, ಮುಂದಿನ ಜನವರಿಯಿಂದ ಫಿಫಾ ಫುಟ್‌ಬಾಲ್ ಗೇಮ್ ಮಾಡುತ್ತಿದ್ದ ಇಎ ಕಂಪನಿ ಅಲ್ಲಿ ಪ್ಯಾಕ್ ಕೊಳ್ಳೋಕೆ ಬಳಸುವ ಫಿಫಾ ಪಾಯಿಂಟ್ಸ್ ಮಾರುವುದನ್ನು ನಿಲ್ಲಿಸಿತು. ನನ್ನ ಅಭಿಪ್ರಾಯವೂ ಅದೇ, ಮಕ್ಕಳ ಕೈಗೆ ಇದು ಬೇಡ. 2025ರವರೆಗೆ ಬಂದ ಫುಟ್‌ಬಾಲ್ ಗೇಮ್‌ಗಳ ಡಬ್ಬದ ಮೇಲೆ ಸಾಮಾನ್ಯವಾಗಿ 3 ಅಂತ ವಯಸ್ಸಿನ ಗುರುತು ಇರುತ್ತದೆ. ಅದನ್ನಷ್ಟೇ ನೋಡಿ ಕೊಡಿಸಬೇಡಿ, ಪಕ್ಕದಲ್ಲಿ 'ಗೇಮ್ ಒಳಗೆ ಖರೀದಿ' ಅಂತ ಇನ್ನೊಂದು ಗುರುತು ಇದೆಯಾ ನೋಡಿ. ಮಗನಿಗೆ ಬೇರೆ ಮಕ್ಕಳ ಖಾತೆ ಮಾಡಿ ತಿಂಗಳ ಖರ್ಚಿನ ಮಿತಿಯನ್ನು ಸೊನ್ನೆಗೆ ಇಡಿ. ನಿಮ್ಮ ಕಾರ್ಡ್ ಉಳಿಸಿದ ಖಾತೆಯಲ್ಲಿ ಆಡಲು ಬಿಡಬೇಡಿ. ಇನ್ನೊಂದು, ಅವನ ಪಕ್ಕ ಕೂತು ಕರಿಯರ್ ಮೋಡ್ ಶುರು ಮಾಡಿಸಿ. ಅಲ್ಲಿ ಪ್ಯಾಕ್ ಇಲ್ಲ, ತಂಡ ಕಟ್ಟುವ ಖುಷಿ ಅಷ್ಟೇ ಇದೆ.

ಪ್ರಶ್ನೆ: ಕಾರ್ ರೇಸಿಂಗ್‌ಗೆ ಯಾವುದು?
– ಪೀಣ್ಯ

ಉತ್ತರ: ಪಿಎಸ್5 ಇದ್ದರೆ ಫೋರ್ಜಾ ಹೊರೈಜನ್ 5. ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್‌ನವರದ್ದು, 2025ರ ಏಪ್ರಿಲ್‌ನಲ್ಲಿ ಪಿಎಸ್5ಗೂ ಬಂತು. ದಿನವಿಡೀ ಟ್ರಾಫಿಕ್‌ನಲ್ಲಿ ನಿಂತು ಮನೆಗೆ ಬಂದವರಿಗೆ ಖಾಲಿ ರಸ್ತೆ, ಮೆಕ್ಸಿಕೋದ ಬಿಸಿಲು. ಬ್ರೇಕ್, ಟೈರ್, ಲ್ಯಾಪ್ ಟೈಮ್ ಅಂತ ಹುಚ್ಚು ಇದ್ದರೆ ಗ್ರ್ಯಾನ್ ಟುರಿಸ್ಮೋ 7.

ಪ್ರಶ್ನೆ: ನ್ಯಾಷನಲ್ ಮಾರ್ಕೆಟ್ ಕಡೆ ಹೋಗಿ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಗೊಳ್ಳೋದಾ, ಡಿಜಿಟಲ್ಲಾ?
– ಚಾಮರಾಜಪೇಟೆ

ಉತ್ತರ: ಕಥೆ ಇರುವ, ಒಂದೇ ಸಲ ಆಡಿ ಮುಗಿಸುವ ಗೇಮ್ ಆದರೆ ಡಿಸ್ಕ್. ಮುಗಿದ ಮೇಲೆ ಮಾರಬಹುದು, ಗೆಳೆಯರ ಜೊತೆ ಬದಲಾಯಿಸಿಕೊಳ್ಳಬಹುದು. ದಿನಾ ಹತ್ತು ನಿಮಿಷ ಆಡುವ ಗೇಮ್ ಆದರೆ ಡಿಜಿಟಲ್, ಡಿಸ್ಕ್ ಬದಲಿಸುವ ತಾಪತ್ರಯ ಇಲ್ಲ. ಹಳೆ ಡಿಸ್ಕ್ ಕೊಳ್ಳುವಾಗ ಬೆಳಕಿಗೆ ಓರೆ ಹಿಡಿದು ನೋಡಿ. ನಡುವಿಂದ ಅಂಚಿಗೆ ಹೋದ ಗೀರು ಅಷ್ಟು ತೊಂದರೆ ಕೊಡಲ್ಲ, ಸುತ್ತಾಗಿ ಹೋದದ್ದು ಕೆಟ್ಟದ್ದು. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ, ಮರೆತು ಕೊಂಡುಬಿಡಬೇಡಿ. ನಿಂಟೆಂಡೋ ಕಂಪನಿಯ ಕನ್ಸೋಲ್ ಸ್ವಿಚ್ 2ಕ್ಕೆ ಬರುವ ಕೆಲವು ಕಾರ್ಡ್‌ಗಳಲ್ಲಿ ಗೇಮ್ ಇರುವುದಿಲ್ಲ, ಬರೀ ಕೀ ಇರುತ್ತದೆ, ಗೇಮನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕು. ಡಬ್ಬದ ಕೆಳಗೆ ಬರೆದಿರುತ್ತಾರೆ.

ಪ್ರಶ್ನೆ: ನಮ್ಮ ಏರಿಯಾದಲ್ಲಿ ಮಳೆ ಬಂದರೆ ಕರೆಂಟ್ ಹೋಗುತ್ತೆ. ಪಿಎಸ್5 ಹಾಳಾಗುತ್ತಾ?
– ಎಚ್‌ಎಸ್‌ಆರ್ ಲೇಔಟ್

ಉತ್ತರ: ಮೆಷಿನ್‌ಗಿಂತ ಮೊದಲು ಹೋಗುವುದು ನಿಮ್ಮ ಸೇವ್, ಅಂದರೆ ಎಲ್ಲಿವರೆಗೆ ಆಡಿದ್ದೀರಿ ಅನ್ನುವ ದಾಖಲೆ. ಕಳೆದ ಮೇ ತಿಂಗಳ ಒಂದು ಮಳೆಯಲ್ಲಿ ನನ್ನ ಹನ್ನೊಂದು ಗಂಟೆಯ ಆಟ ಹೋಯಿತು. ಸರಿಯಾಗಿ ಸೇವ್ ಆಗುವ ಗುರುತು ತಿರುಗುತ್ತಿದ್ದಾಗಲೇ ಕತ್ತಲಾಯಿತು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಮೇಲೆ ಇಕೋ, ಯುಪಿಎಸ್ ಅಂತ ಒಂದು ಚಿಕ್ಕ ಸ್ವಿಚ್ ಇದೆಯಾ ನೋಡಿ. ಯುಪಿಎಸ್ ಕಡೆ ಇಟ್ಟರೆ ಕರೆಂಟ್‌ನಿಂದ ಬ್ಯಾಟರಿಗೆ ಬೇಗ ಬದಲಾಗುತ್ತದೆ, ಕನ್ಸೋಲ್ ಆಫ್ ಆಗದೆ ಉಳಿಯುವ ಸಾಧ್ಯತೆ ಹೆಚ್ಚು. ಇನ್ವರ್ಟರ್ ಇಲ್ಲದಿದ್ದರೆ ಕಂಪ್ಯೂಟರ್‌ಗೆ ಹಾಕುವ ಸಣ್ಣ ಯುಪಿಎಸ್ ಸಾಕು. ಪಿಎಸ್5 ಆಡುವಾಗ ಎಳೆಯುವುದು ಸುಮಾರು 200 ವ್ಯಾಟ್, ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಸಿಗುತ್ತದೆ. ಮಳೆಗಾಲದಲ್ಲಿ ಪೂರ್ತಿ ಆಫ್ ಮಾಡದೆ ರೆಸ್ಟ್ ಮೋಡ್‌ನಲ್ಲಿ ಬಿಟ್ಟು ಮಲಗಬೇಡಿ.

ಪ್ರಶ್ನೆ: ಜಗತ್ತಿನ ಗೇಮ್‌ಗಳಿಗೆ ಬೆಂಗಳೂರಿನವರು ಕೆಲಸ ಮಾಡ್ತಾರೆ. ಕನ್ನಡದಲ್ಲಿ ಒಂದು ಗೇಮ್ ಯಾಕಿಲ್ಲ?
– ಇಂಜಿನಿಯರ್, ವೈಟ್‌ಫೀಲ್ಡ್

ಉತ್ತರ: ನನಗೂ ಇದು ನೋವಿನ ವಿಷಯ. ಧ್ರುವ ಇಂಟರಾಕ್ಟಿವ್ ಅನ್ನುವ ಗೇಮ್ ಕಂಪನಿ ಈ ಊರಲ್ಲಿ ಶುರುವಾಗಿದ್ದು 1997ರಲ್ಲಿ. 2019ರಲ್ಲಿ ದೊಡ್ಡ ಗೇಮ್ ಕಂಪನಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಎಷ್ಟೋ ದೊಡ್ಡ ಗೇಮ್‌ಗಳ ಕಾರು, ಮರ, ಕಟ್ಟಡಗಳನ್ನು ಇಲ್ಲಿ ಕೂತವರು ಮಾಡಿದ್ದಾರೆ. ಕೈಚಳಕ ಇದೆ, ನಮ್ಮ ಕಥೆಗೆ ದುಡ್ಡು ಹಾಕುವವರು ಕಡಿಮೆ. ಪುಣೆಯ ಸಣ್ಣ ತಂಡ 2020ರಲ್ಲಿ ರಾಜಿ ಅನ್ನುವ ಗೇಮ್ ಮಾಡಿ ಕನ್ಸೋಲ್‌ಗೆ ತಂದಿತು. 2023ರಲ್ಲಿ ಟೊರಾಂಟೋದ ತಂಡವೊಂದು ವೆಂಬಾ ಮಾಡಿತು, ಕೆನಡಾಗೆ ಹೋದ ತಮಿಳು ಕುಟುಂಬದ ಕಥೆ. ಅದರಲ್ಲಿ ಮೊದಲ ಸವಾಲೇ ಇಡ್ಲಿ. ಅಮ್ಮನ ಹಳೆಯ ಅಡುಗೆ ಪುಸ್ತಕದಲ್ಲಿ ಸಾಲುಗಳು ಅಳಿಸಿಹೋಗಿವೆ, ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಎಲ್ಲ ತಟ್ಟೆಗೂ ಹೋಗುತ್ತದೆ ಅಂತ ನೀವೇ ಕಂಡುಹಿಡಿಯಬೇಕು. ನಮ್ಮ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು "ತೂತಿನ ಮೇಲೆ ತೂತು ಬರಬಾರದು" ಅಂದರು. ಸರಿಯಾಗಿತ್ತು. ಆ ಗೇಮ್ ಮುಗಿಯೋಕೆ ಒಂದು ಸಂಜೆ ಸಾಕು. ಅಷ್ಟು ಚಿಕ್ಕದೇ ಆಗಲಿ, ಕನ್ನಡದಲ್ಲಿ ಯಾರಾದರೂ ಮಾಡಿದರೆ ಈ ಅಂಕಣದ ಇಡೀ ಪುಟ ಅದಕ್ಕೇ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, 66 ವರ್ಷ. ಮಗ ಅಮೆರಿಕಕ್ಕೆ ಹೋಗುವಾಗ ಎಕ್ಸ್‌ಬಾಕ್ಸ್ ಬಿಟ್ಟು ಹೋದ. ಕೈ ಸ್ವಲ್ಪ ನಡುಗುತ್ತದೆ. ದಿನಾ ಪದಬಂಧ ಬಿಡಿಸುತ್ತೇನೆ. ನನಗೆ ಆಗುವ ಗೇಮ್ ಇದೆಯೇ?
– ಮಲ್ಲೇಶ್ವರ

ಉತ್ತರ: ಇದೆ ಸರ್, ನಿಮಗೇ ಮಾಡಿದ ಹಾಗಿದೆ. ಬ್ಲೂ ಪ್ರಿನ್ಸ್, 2025ರ ಏಪ್ರಿಲ್‌ನಲ್ಲಿ ಬಂತು. ತಾತನ ವರಸೆಯ ಹಿರಿಯರೊಬ್ಬರು ಒಂದು ದೊಡ್ಡ ಬಂಗಲೆ ಬರೆದಿಟ್ಟು ಹೋಗಿದ್ದಾರೆ. ಅದರಲ್ಲಿ 45 ಕೋಣೆ. ನೀವು 46ನೆಯದನ್ನು ಹುಡುಕಿದರೆ ಮನೆ ನಿಮ್ಮದು. ಪ್ರತಿ ಬಾಗಿಲು ಮುಟ್ಟಿದಾಗ ಮೂರು ಕೋಣೆ ತೋರಿಸುತ್ತದೆ, ಅದರ ಹಿಂದೆ ಯಾವುದು ಇರಬೇಕು ಅಂತ ನೀವೇ ಆರಿಸಬೇಕು. ದಿನಕ್ಕೆ 50 ಹೆಜ್ಜೆ, ಕೋಣೆಯಿಂದ ಕೋಣೆಗೆ ಹೋದರೆ ಒಂದು ಹೆಜ್ಜೆ ಕಳೆಯುತ್ತದೆ. ಹೆಜ್ಜೆ ಮುಗಿದರೆ ಮಲಗಬೇಕು, ಬೆಳಗ್ಗೆ ಎದ್ದರೆ ಮನೆ ಮತ್ತೆ ಖಾಲಿ. ಯಾರೂ ಹೊಡೆಯೋಕೆ ಬರಲ್ಲ, ಬಟನ್ ಬೇಗ ಒತ್ತಬೇಕಾದ ಕೆಲಸ ಇಲ್ಲ. ಇಂಗ್ಲಿಷ್ ಮಾತ್ರ ಚೆನ್ನಾಗಿ ಬರಬೇಕು, ಗೋಡೆಯ ಚಿತ್ರ, ಕಾಗದದ ಸಾಲು ಎಲ್ಲದರಲ್ಲೂ ಸುಳಿವು. ಅಕ್ಷರ ಸ್ವಲ್ಪ ಚಿಕ್ಕದು, ಟಿವಿ ಹತ್ತಿರಕ್ಕೆ ಕುರ್ಚಿ ಹಾಕಿಕೊಳ್ಳಿ. ಮೊದಲನೇ ದಿನವೇ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನನ್ನದು ಎಂಬತ್ತು ಪುಟದ್ದು ತುಂಬಿತು. ನೀವು ಇನ್ನೂರು ಪುಟದ್ದೇ ತಗೊಳ್ಳಿ.